ಪ್ಲಾನ್ ಏರಿಸೋ ಮುಂಚೆ ಒಂದು ವೈರ್ ಎಳೀರಿ

‘ನಿಮ್ಮ ವಾಯ್ಸ್ ಕಟ್ ಆಗ್ತಿದೆ, ಕ್ಯಾಮೆರಾ ಆಫ್ ಮಾಡಿ ಮಾತಾಡ್ತೀರಾ?’

ಆನ್‌ಲೈನ್ ಇಂಟರ್‌ವ್ಯೂ ಕೊಟ್ಟವರಿಗೆ ಈ ಮಾತು ಹೊಸದಲ್ಲ. ಉತ್ತರ ಗೊತ್ತಿದ್ದೂ ಹೇಳಲಾಗದ ಸಂಕಟ ಅದು. ಮುಗಿದ ಮೇಲೆ ಇಂಟರ್ನೆಟ್ ಕಂಪನಿಗೆ ಬಯ್ದು, ಅಪ್ಪನನ್ನು ಪುಸಲಾಯಿಸಿ 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸುತ್ತೇವೆ. ಆದರೂ ರೂಮಿನಲ್ಲಿ ಅದೇ ರಾಗ, ಅದೇ ಹಾಡು.

ಎಷ್ಟೋ ಮನೆಗಳಲ್ಲಿ ಬಾಗಿಲವರೆಗೆ ಫೈಬರ್‌ನಲ್ಲಿ ವೇಗ ಸರಿಯಾಗೇ ಬಂದಿರುತ್ತದೆ. ಹಾಲ್‌ನಿಂದ ರೂಮಿಗೆ ಬರುವಷ್ಟರಲ್ಲಿ ಸೋರಿ ಹೋಗಿರುತ್ತದೆ. ನಲ್ಲಿಯಲ್ಲಿ ನೀರಿದೆ, ತೂತಿರುವುದು ಕೊಡದಲ್ಲಿ.

ಇದನ್ನು ತಿಳಿಯುವುದು ಸುಲಭ. ಲ್ಯಾಪ್‌ಟಾಪನ್ನು ರೂಟರ್ ಪಕ್ಕ ಇಟ್ಟು, ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್ ಮಾಡಿ. ಆಮೇಲೆ ಓದುವ ಟೇಬಲ್‌ನಲ್ಲಿ ಕೂತು ವೈಫೈನಲ್ಲಿ ಮಾಡಿ. ಮೊದಲನೆಯದು 95, ಎರಡನೆಯದು 12 ಬಂದರೆ ದೊಡ್ಡ ಪ್ಲಾನ್‌ಗೆ ದುಡ್ಡು ಸುರಿದೂ ಪ್ರಯೋಜನವಿಲ್ಲ.

ವೈಫೈ ಎಂದರೆ ರೇಡಿಯೊ. ಒಂದೇ ಚಾನೆಲ್‌ನಲ್ಲಿರುವವರೆಲ್ಲ ಹೆಚ್ಚುಕಡಿಮೆ ಸರದಿ ಪ್ರಕಾರವೇ ಮಾತಾಡಬೇಕು. ಅಮ್ಮನ ಧಾರಾವಾಹಿ, ತಮ್ಮನ ಗೇಮ್, ಪಕ್ಕದ ಮನೆಯ ರೂಟರ್, ಎಲ್ಲವೂ ಆ ಸಾಲಿನಲ್ಲಿ ನಿಂತಿರುತ್ತವೆ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. 5 ಗಿಗಾಹರ್ಟ್ಸ್ ವೇಗವಾಗಿದೆ, ಆದರೆ ಗೋಡೆ ಕಂಡರೆ ಸುಸ್ತು. ನಮ್ಮ ಕರಾವಳಿಯ ಕೆಂಪುಕಲ್ಲಿನ ಗೋಡೆ, ಮೇಲೊಂದು ಆರ್‌ಸಿಸಿ ಸ್ಲ್ಯಾಬ್ ಇದ್ದರಂತೂ ಮುಗಿದೇ ಹೋಯಿತು.

ಹಾಗಾಗಿ ಸೂತ್ರ ಒಂದೇ: ಕೂತಲ್ಲೇ ಇರುವುದಕ್ಕೆ ವೈರ್, ಓಡಾಡುವುದಕ್ಕೆ ವೈಫೈ. ಓದುವ ಟೇಬಲ್, ಡೆಸ್ಕ್‌ಟಾಪ್, ಸ್ಮಾರ್ಟ್ ಟಿವಿಗೆ ಕೇಬಲ್ ಕೊಡಿ. ಟಿವಿ ವೈಫೈ ಬಿಟ್ಟರೆ ಫೋನುಗಳಿಗೂ ಜಾಗ ಸಿಗುತ್ತದೆ.

ಕ್ಯಾಟ್ 5ಇ ಕೇಬಲ್ಲೇ 100 ಮೀಟರ್‌ವರೆಗೆ 1 ಜಿಬಿಪಿಎಸ್ ಸಾಗಿಸಬಲ್ಲದು. ಹೊಸದಾಗಿ ಕೊಳ್ಳುವುದಾದರೆ ಕ್ಯಾಟ್ 6 ತನ್ನಿ, ಆದರೆ ‘ಪೂರ್ತಿ ತಾಮ್ರದ್ದಾ?’ ಎಂದು ಕೇಳಿ ತನ್ನಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಅಗ್ಗ, ಬಾಳಿಕೆ ಕಮ್ಮಿ. ಒಳಗಿನ ಎಂಟೂ ತಂತಿ ಸರಿಯಿದ್ದರೆ ಮಾತ್ರ ಗಿಗಾಬಿಟ್. ಒಂದು ತುಂಡಾದರೂ ವೇಗ 100ಕ್ಕೆ ಇಳಿಯಬಹುದು. ರೂಟರ್ ಪೋರ್ಟ್ ಎಷ್ಟರದ್ದು ಎಂಬುದನ್ನೂ ನೋಡಿ. ಅಗ್ಗದ ಎಷ್ಟೋ ರೂಟರ್‌ಗಳ ಪೋರ್ಟ್ 100 ಎಂಬಿಪಿಎಸ್‌ನದು; ಅದಕ್ಕೆ 300ರ ಪ್ಲಾನ್ ಹಾಕಿಸಿದರೆ ದುಡ್ಡು ದಂಡ. ಲ್ಯಾಪ್‌ಟಾಪ್‌ನಲ್ಲಿ ಲ್ಯಾನ್ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿಗೆ ಹಾಕುವ ಗಿಗಾಬಿಟ್ ಅಡಾಪ್ಟರ್ ಸಿಗುತ್ತದೆ.

ನಮ್ಮ ಮನೆಯಲ್ಲಿ ಕೇಬಲ್ ಕಿಟಕಿ ಸಂದಿಯಿಂದ ಮಹಡಿಗೆ ಹತ್ತಿದೆ. ‘ಬಟ್ಟೆ ಒಣಹಾಕೋಕೆ ಹಗ್ಗವಾ?’ ಎಂದು ಅಜ್ಜಿ ಕೇಳಿದ್ದೂ ಆಯಿತು. ಹೊರಗಿನ ಭಾಗವನ್ನು ಪಿವಿಸಿ ಪೈಪಿನೊಳಗೆ ಹಾಕಿ. ಗುಡುಗು ಶುರುವಾಗುವ ಮುಂಚೆಯೇ ಎರಡೂ ತುದಿ ಕಿತ್ತಿಡಿ, ಸಿಡಿಲಿಗೆ ತಾಮ್ರದ ತಂತಿ ಒಳ್ಳೆಯ ದಾರಿ.

ಮಹಡಿಯಲ್ಲಿ ಫೋನಿಗೂ ಸಿಗ್ನಲ್ ಬೇಕೆ? ಮೂಲೆಯಲ್ಲಿ ಬಿದ್ದಿರುವ ಹಳೇ ರೂಟರ್ ಹೊರಗೆ ತೆಗೆಯಿರಿ. ಮೊದಲು ಅದರ ಐಪಿ ವಿಳಾಸವನ್ನು ಕೆಳಗಿನ ರೂಟರ್‌ನ ವಿಳಾಸಕ್ಕಿಂತ ಬೇರೆ ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ. ಆಮೇಲೆ ಕೆಳಗಿನಿಂದ ಬಂದ ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ ಹಾಕಿ. ಎರಡಕ್ಕೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಡಿ, ಚಾನೆಲ್ ಮಾತ್ರ ಬೇರೆ ಇರಲಿ. ವೈಫೈಯನ್ನೇ ಹಿಡಿದು ಮತ್ತೆ ವೈಫೈಯಲ್ಲೇ ಹಂಚುವ ರಿಪೀಟರ್‌ಗಿಂತ ಇದು ಎಷ್ಟೋ ವಾಸಿ. ಕೆಳಗಿನ ರೂಟರನ್ನು ಟಿವಿ ಹಿಂದೆ, ಗಾಡ್ರೆಜ್ ಬೀರು ಪಕ್ಕ ಬಚ್ಚಿಡದೆ, ಮನೆಯ ನಡುವೆ, ಎತ್ತರದಲ್ಲಿಡಿ.

ಇನ್ನುಳಿದದ್ದು ಕರೆಂಟ್. ಅಡಾಪ್ಟರ್ ಮೇಲಿನ ವೋಲ್ಟೇಜ್ ನೋಡಿ, ಅದಕ್ಕೆ ಹೊಂದುವ ಪುಟ್ಟ ಯುಪಿಎಸ್ ತಂದರೆ ಪರೀಕ್ಷೆಯ ಮಧ್ಯೆ ಎದೆ ಹೊಡೆದುಕೊಳ್ಳದು.

ಈಗ ಎಷ್ಟೋ ಕಂಪನಿಗಳ ಮೊದಲ ಸುತ್ತು ಆನ್‌ಲೈನ್‌ನಲ್ಲೇ ನಡೆಯುತ್ತದೆ. ಪುತ್ತೂರಿನವರೋ ಸಿಂಧನೂರಿನವರೋ ಅದಕ್ಕಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ. ಒಂದು ಬಸ್ ಟಿಕೆಟ್‌ನ ದುಡ್ಡಿಗೆ ಬರುವ ಕೇಬಲ್ ಇದ್ದರೆ, ನಮ್ಮೂರಿನ ಟೇಬಲ್ಲೂ ಬೆಂಗಳೂರಿನ ಟೇಬಲ್ಲೂ ಆ ಒಂದು ಗಂಟೆಗೆ ಸಮಸಮ.