ಗಾಜಿಗೆ ಬೆಳಕಿನ ಹೆಪ್ಪು

ಹಸಿರು ಲೇಸರ್ ಪಾಯಿಂಟರನ್ನು ನೀವೂ ನೋಡಿರುತ್ತೀರಿ. ಸಾಮಾನ್ಯವಾಗಿ ಹಸಿರಿಗೆ ಮುಂಚೆ ಅದರೊಳಗೆ ಹುಟ್ಟುವುದು ಕಣ್ಣಿಗೆ ಕಾಣದ, 1064 ನ್ಯಾನೊಮೀಟರ್‌ನ ಇನ್‌ಫ್ರಾರೆಡ್ ಕಿರಣ. ಪುಟ್ಟ ಹರಳೊಂದು ಆ ತರಂಗಾಂತರವನ್ನು ಅರ್ಧಕ್ಕಿಳಿಸಿದಾಗ 532 ನ್ಯಾನೊಮೀಟರ್‌ನ ಹಸಿರು ಬರುತ್ತದೆ. ಇಂಥ ಗುಣಗಳ ಅಧ್ಯಯನಕ್ಕೆ ನಾನ್‌ಲೀನಿಯರ್ ಆಪ್ಟಿಕ್ಸ್ ಎನ್ನುತ್ತಾರೆ.

ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ನಾನು ಈ ಗುಣವನ್ನು ಗಾಜಿನಲ್ಲಿ ನೋಡುವ ವಿಷಯ ಆರಿಸಿಕೊಂಡೆ. 'ಗಾಜು ಓದಿದರೆ ಏನು ಕೆಲಸ ಸಿಗುತ್ತೆ?' ಎಂದು ಅಪ್ಪ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ಮಾಮೂಲಿ ಗಾಜು ಬೆಳಕಿನ ತರಂಗಾಂತರವನ್ನು ಹೀಗೆ ಅರ್ಧಕ್ಕಿಳಿಸಲಾರದು. ಅದರ ಪರಮಾಣುಗಳು ಜಾತ್ರೆಯ ಜನರಂತೆ ಎತ್ತೆತ್ತಲೋ ನಿಂತಿರುತ್ತವೆ; ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ಕೆಲವು ಹರಳುಗಳಲ್ಲಿ ಮಾತ್ರ ಜೋಡಣೆ ಒಂದು ಕಡೆಗೆ ವಾಲಿರುವುದರಿಂದ ಪರಿಣಾಮ ಉಳಿಯುತ್ತದೆ. ಹಾಗಾದರೆ ಗಾಜಿನೊಳಗೇ ಅಂಥ ಹರಳು ಬೆಳೆಸಿದರೆ?

ಅದಕ್ಕೆ ದಾರಿ ತೋರಿದ್ದು ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ರೂಪಿಸಿದ ಫೋಟೊಸೆನ್ಸಿಟಿವ್ ಗಾಜು. ಲಿಥಿಯಂ ಇರುವ ಗಾಜಿಗೆ ಚೂರು ಬೆಳ್ಳಿ, ಸೀರಿಯಂ ಬೆರೆಸಿ ನೇರಳಾತೀತ ಬೆಳಕು ಹಾಯಿಸಿದರೆ, ಸೀರಿಯಂ ಕೊಟ್ಟ ಎಲೆಕ್ಟ್ರಾನ್ ಪಡೆದು ಬೆಳ್ಳಿಯ ಪರಮಾಣುಗಳು ಹುಟ್ಟುತ್ತವೆ. ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅವು ಗುಂಪುಗೂಡುತ್ತವೆ. 600 ಡಿಗ್ರಿಯ ಹೊತ್ತಿಗೆ, ಹಾಲಿಗೆ ಹೆಪ್ಪು ಹಾಕಿದಂತೆ, ಆ ಬೆಳ್ಳಿಯ ಸುತ್ತ ಲಿಥಿಯಂ ಮೆಟಾಸಿಲಿಕೇಟ್ ಹರಳುಗಳು ಕಟ್ಟುತ್ತವೆ. ಬೆಳಕು ಬಿದ್ದ ಜಾಗದಲ್ಲಷ್ಟೇ! 1950ರ ದಶಕದ ಆರಂಭದಲ್ಲಿ ಸ್ಟೂಕಿಯವರ ಕುಲುಮೆ ಕೈಕೊಟ್ಟು 900 ಡಿಗ್ರಿಗೇರಿತು. ಗಾಜು ಕರಗಿಹೋಗಿರಬೇಕು ಎಂದುಕೊಂಡರೆ ಬಿಳಿ ಹಲಗೆಯೊಂದು ಸಿಕ್ಕಿತು. ಕೈಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಗ್ಲಾಸ್-ಸೆರಾಮಿಕ್ ಹುಟ್ಟಿದ್ದು ಹಾಗೆ.

ಪಾತ್ರೆಗೆ ಆ ಬಿಳುಪು ಒಳ್ಳೆಯದು, ಲೇಸರ್‌ಗೆ ಅಲ್ಲ. ಹರಳು ದೊಡ್ಡದಾದರೆ ಬೆಳಕು ಚದುರಿಹೋಗುತ್ತದೆ. ತೀರಾ ಕಡಿಮೆಯಾದರೆ ಪರಿಣಾಮವೇ ಕಾಣದು. ಗಾಜು ಪಾರದರ್ಶಕವಾಗಿ ಉಳಿಯಬೇಕು, ಹರಳೂ ಇರಬೇಕು. ಆದ್ದರಿಂದ ಹರಳುಗಟ್ಟುವಿಕೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದೇ ಇಲ್ಲಿನ ಅಸಲಿ ಸವಾಲು. ಜೊತೆಗೆ, ಬೆಳ್ಳಿಯ ನ್ಯಾನೊಕಣಗಳೂ ತೀವ್ರ ಲೇಸರ್‌ಗೆ ಗಾಜು ಸ್ಪಂದಿಸುವ ರೀತಿಯನ್ನು ಬದಲಿಸಬಲ್ಲವು.

ಅಪ್ಪನ ಪ್ರಶ್ನೆಗೂ ಉತ್ತರವಿದೆ. ಹರಳುಗಟ್ಟಿದ ಭಾಗ ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಉಳಿದ ಗಾಜಿಗಿಂತ ಸುಮಾರು 20 ಪಟ್ಟು ವೇಗವಾಗಿ ಕರಗುತ್ತದೆ. ಹೀಗೆ ಗಾಜಿನಲ್ಲಿ ಕೂದಲೆಳೆಯಂಥ ಕಾಲುವೆ ಕೊರೆದು, ಹನಿ ದ್ರವವನ್ನು ಪರೀಕ್ಷಿಸುವ ಚಿಪ್‌ಗಳನ್ನು ಮಾಡುತ್ತಾರೆ. ಕೋಲ್ಕತ್ತದಲ್ಲಿ ಗಾಜು, ಸೆರಾಮಿಕ್‌ಗೆಂದೇ ಸಿಎಸ್ಐಆರ್ ಸಂಸ್ಥೆಯಿದೆ. ಸಿಎಸ್ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ಸಂಶೋಧನೆಗೆ ಫೆಲೋಶಿಪ್ ಇದೆ. ದಾರಿ ಉದ್ದ, ಪೈಪೋಟಿಯೂ ಇದೆ. ಆದರೂ ಪ್ರಾಜೆಕ್ಟ್ ಆರಿಸುವ ಗೆಳೆಯರಿಗೆ ನನ್ನದೊಂದು ಮಾತು: ಗಾಜಿನ ಕಡೆಗೂ ಒಮ್ಮೆ ನೋಡಿ.