ಸಿಂಹವನ್ನೂ ಎತ್ತೊಯ್ಯುವ ರೆಕ್ಕೆಗಳು

ಮಂಗಳೂರಿನ ಪಣಂಬೂರು ಬೀಚು ಗಾಳಿಪಟ ಉತ್ಸವಕ್ಕೆ ಹೆಸರಾದ ಜಾಗ. ಇಲ್ಲಿನ ಹವ್ಯಾಸಿಗಳ ತಂಡ ‘ಟೀಮ್ ಮಂಗಳೂರು’ ಮಾಡಿದ 36 ಅಡಿ ಎತ್ತರದ ಕಥಕ್ಕಳಿ ಗಾಳಿಪಟ 2005ರಲ್ಲಿ ಲಿಮ್ಕಾ ದಾಖಲೆ ಪುಸ್ತಕ ಸೇರಿತು. ಅದೇ ತಂಡ ಗರುಡನನ್ನೂ ಗಾಳಿಪಟವಾಗಿಸಿ ಹಾರಿಸಿದೆ. ಮರಳಲ್ಲಿ ನಿಂತು ಕತ್ತೆತ್ತಿ ನೋಡುವವರಿಗೆ ಅದು ಅಂದದ ಹಕ್ಕಿ. ಆದರೆ ಮಹಾಭಾರತದ ಆದಿಪರ್ವದ ಗರುಡ ಮೊದಲು ಹುಟ್ಟಿಸುವುದು ದಿಗಿಲನ್ನು.

ಮೊಟ್ಟೆಯೊಡೆದು ಬಂದವನೇ ಬೆಂಕಿಯಂತೆ ಉರಿಯುತ್ತಾ ಬೆಳೆಯುತ್ತಾನೆ. ದೇವತೆಗಳು ಅವನನ್ನು ಅಗ್ನಿಯೆಂದೇ ತಿಳಿದು, ಸುಡಬೇಡವೆಂದು ಮೊರೆಯಿಡುತ್ತಾರೆ. ಅಮೃತ ತರಲು ಹೊರಟಾಗ ಹಸಿವು. ಕಾದಾಡುತ್ತಿದ್ದ ಆನೆ, ಆಮೆಗಳನ್ನು ಒಂದೊಂದು ಕಾಲುಗುರಲ್ಲಿ ಹಿಡಿದು ಆಲದ ಕೊಂಬೆಯ ಮೇಲೆ ಇಳಿಯುತ್ತಾನೆ. ಕೊಂಬೆ ಮುರಿಯುತ್ತದೆ. ನೋಡಿದರೆ ಹೆಬ್ಬೆರಳಷ್ಟೇ ಗಾತ್ರದ ವಾಲಖಿಲ್ಯ ಋಷಿಗಳು ಅದರಲ್ಲಿ ತಲೆಕೆಳಗಾಗಿ ಜೋತುಬಿದ್ದಿದ್ದಾರೆ! ಅವರಿಗೆ ಪೆಟ್ಟಾಗಬಾರದೆಂದು ಕೊಂಬೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡೇ ಹಾರುತ್ತಾನೆ. ಅಷ್ಟು ಹಸಿವೂ ಇಷ್ಟು ಎಚ್ಚರವೂ ಒಂದೇ ಜೀವದಲ್ಲಿ.

ದಿಗಿಲು ಹುಟ್ಟಿಸುವ ರೆಕ್ಕೆಗಳು ಬೇರೆಡೆಯೂ ಇವೆ. ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ 1928ರಲ್ಲಿ ಪ್ರಕಟಿಸಿದ ಕಥೆಯೊಂದರ ಕ್ತುಲ್ಹು ಎಂಬ ದೈತ್ಯಜೀವಿಗೂ ರೆಕ್ಕೆಗಳಿವೆ; ಮುಖ ಆಕ್ಟೋಪಸ್‌ನದು. ಈ ಬಗೆಯ ಬರಹಕ್ಕೆ ‘ಕಾಸ್ಮಿಕ್ ಹಾರರ್’ ಎನ್ನುತ್ತಾರೆ. ವಿಶ್ವಕ್ಕೆ ಮನುಷ್ಯ ಲೆಕ್ಕಕ್ಕೇ ಇಲ್ಲ ಎಂಬುದು ಅದರ ತಿರುಳು. ಆ ಸತ್ಯವನ್ನು ಕಂಡವರಿಗೆ ಬುದ್ಧಿ ಕೆಡುತ್ತದೆ.

ಈ ಭಯವನ್ನು ನಮ್ಮ ಶಿಲ್ಪಿಗಳು ಬೇರೆ ದಾರಿಯಲ್ಲಿ ಮುಟ್ಟಿದ್ದರು. ಹಿರಣ್ಯಕಶಿಪುವನ್ನು ಕೊಂದ ಮೇಲೂ ನರಸಿಂಹನ ಉಗ್ರತೆ ಇಳಿಯಲಿಲ್ಲ; ಅವನನ್ನು ತಣಿಸಲು ಶಿವ ಶರಭನಾದ. ಶರಭನೆಂದರೆ ಅರ್ಧ ಸಿಂಹ, ಅರ್ಧ ಹಕ್ಕಿ. ಅವನ ರೆಕ್ಕೆಗಳೇ ಕಾಳಿ, ದುರ್ಗೆಯರು ಎನ್ನುತ್ತದೆ ಶೈವ ಪರಂಪರೆ. ವೈಷ್ಣವರು ಅಷ್ಟಕ್ಕೆ ಬಿಡಲಿಲ್ಲ. ಶರಭನನ್ನು ಎದುರಿಸಲು ವಿಷ್ಣು ಎರಡು ತಲೆಯ ಗಂಡಭೇರುಂಡನಾದ ಎಂದರು. ಮತಗಳ ಪೈಪೋಟಿಯಿಂದ ಹುಟ್ಟಿದ ಕಥೆಯೆಂದು ಇದನ್ನು ಬದಿಗಿಡುವುದು ಸುಲಭ, ಆದರೆ ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಕೆತ್ತನೆ ಹಾಗೆ ಬಿಡಗೊಡದು.

ಅಲ್ಲಿ ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ. ಹೆಬ್ಬಾವನ್ನು ಆನೆ ಎತ್ತಿದೆ, ಆನೆಯ ಮೇಲೆ ಸಿಂಹ ಎರಗಿದೆ, ಸಿಂಹವನ್ನು ಶರಭ ಹಿಡಿದಿದೆ, ಶರಭನನ್ನು ಗಂಡಭೇರುಂಡ. ಯಾವ ಬಲಶಾಲಿಗೂ ಇಲ್ಲಿ ನೆಮ್ಮದಿಯಿಲ್ಲ. ಪಕ್ಕದಲ್ಲೇ ಒಬ್ಬ ಋಷಿ. ಅವನು ಬೆರಗಾಗಿ ನೋಡುತ್ತಿದ್ದಾನೆ, ಹುಚ್ಚನಾಗಿಲ್ಲ. ಲವ್‌ಕ್ರಾಫ್ಟ್‌ನ ಲೋಕಕ್ಕೂ ಬೇಲೂರಿಗೂ ಇರುವ ಅಂತರವೆಲ್ಲ ಆ ಋಷಿಯಲ್ಲಿದೆ. ರೆಕ್ಕೆಯ ರಾಕ್ಷಸರನ್ನು ಕಥೆಗೋ ಗೇಮ್‌ಗೋ ತರಹೊರಟ ಕನ್ನಡದ ಹುಡುಗ ಹುಡುಗಿಯರು ಮೊದಲು ನಿಲ್ಲಬೇಕಾದದ್ದು ಈ ಕಲ್ಲಿನ ಮುಂದೆ.

ಗಂಡಭೇರುಂಡನ ರೂಪವೂ ಎಲ್ಲೆಡೆ ಒಂದೇ ಅಲ್ಲ. ಬಳ್ಳಿಗಾವಿಯಲ್ಲಿ 1047ರಲ್ಲಿ ಚಾಮುಂಡರಾಯರಸ ನಿಲ್ಲಿಸಿದ ಕಂಬದ ಮೇಲೆ ಅದಕ್ಕೆ ಮನುಷ್ಯನ ಮೈ, ಎರಡು ಹಕ್ಕಿತಲೆ. ಕೆಳದಿಯ ರಾಮೇಶ್ವರ ದೇವಾಲಯದ ಒಳಚಾವಣಿಯಲ್ಲಿ ಅದರ ಕೊಕ್ಕುಗಳಲ್ಲಿ ಸಿಂಹಗಳು, ಉಗುರುಗಳಲ್ಲಿ ಆನೆಗಳು. ವಿಜಯನಗರದ ಅಚ್ಯುತರಾಯ ಅದನ್ನು ಚಿನ್ನದ ನಾಣ್ಯಕ್ಕೆ ಹಾಕಿಸಿದ. ಮೈಸೂರು ಒಡೆಯರ ಲಾಂಛನವಾಗಿದ್ದ ಅದೇ ಹಕ್ಕಿ ಇಂದು ಕರ್ನಾಟಕ ಸರ್ಕಾರದ ಮುದ್ರೆಯ ನಡುವೆ ಇದೆ.