ಕಾರ್ಮೆಲ್ ಬೆಟ್ಟವನ್ನೇರಿದ ಮೈಸೂರು ರಾವುತರು

ಮಂಗಳೂರಿನಿಂದ ಮೂಡುಬಿದಿರೆಯ ಕಡೆಗೆ ಹೊರಟವರಿಗೆ ನಂತೂರನ್ನು ದಾಟಿದ ಬಳಿಕ ಬಿಕರ್ನಕಟ್ಟೆ ಎದುರಾಗುತ್ತದೆ. ಅಲ್ಲಿನ ಗುಡ್ಡದ ಮೇಲೆ ಬಾಲಯೇಸುವಿನ ಪುಣ್ಯಕ್ಷೇತ್ರವಿದೆ. ಪ್ರತಿವರ್ಷ ಜನವರಿ ತಿಂಗಳಲ್ಲಿ ನಡೆಯುವ ಮಹೋತ್ಸವಕ್ಕೆ ಅಲ್ಲಿ ಜನಸಾಗರವೇ ನೆರೆಯುತ್ತದೆ. ಆ ಗುಡ್ಡಕ್ಕೆ ಕಾರ್ಮೆಲ್ ಗುಡ್ಡವೆಂದು ಹೆಸರು. ಕ್ಷೇತ್ರವನ್ನು ನಡೆಸುವ ಕಾರ್ಮೆಲ್ ಸಭೆಯ ಸನ್ಯಾಸಿಗಳೊಡನೆ ಬಂದ ಹೆಸರು ಅದು. ಮೂಲದ ಕಾರ್ಮೆಲ್ ಇರುವುದು ಕಡಲಾಚೆ, ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದಲ್ಲಿ, ಹೈಫಾ ನಗರದ ನೆತ್ತಿಯ ಮೇಲೆ.

ಬಿಕರ್ನಕಟ್ಟೆಯ ಗುಡ್ಡವನ್ನು ಹತ್ತುವ ಭಕ್ತರಲ್ಲಿ ಎಷ್ಟು ಮಂದಿ ಬಲ್ಲರೋ! ಆ ಮೂಲ ಕಾರ್ಮೆಲನ್ನು 1918ನೆಯ ಇಸವಿ ಸೆಪ್ಟೆಂಬರ್ 23ರಂದು, ಗುಂಡಿನ ಮಳೆಯ ನಡುವೆ, ಮೈಸೂರು ಸೀಮೆಯ ರಾವುತರು ಹತ್ತಿದ್ದರು. ಜಗತ್ತಿನ ಪ್ರಥಮ ಮಹಾಯುದ್ಧವು ಮುಗಿಯುವ ದಾರಿ ಹಿಡಿದ ದಿನಗಳವು.

ಸಮುದ್ರ ದಾಟಿದ ಅಶ್ವಸೇನೆ

1914ರ ಆಗಸ್ಟಿನಲ್ಲಿ ಯೂರೋಪಿನಲ್ಲಿ ಯುದ್ಧದ ಕಿಡಿ ಹೊತ್ತಿದಾಗ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಳುತ್ತಿದ್ದರು. ಸಂಸ್ಥಾನದಿಂದ ಯುದ್ಧನಿಧಿಗೆ 50 ಲಕ್ಷ ರೂಪಾಯಿ ಸಂದಿತು. ಹಣದ ಹಿಂದೆಯೇ ಜನವೂ ಹೊರಟಿತು. ಭರ್ಜಿಯನ್ನೇ ಮುಖ್ಯ ಆಯುಧವಾಗಿ ಹಿಡಿದ 'ಮೈಸೂರು ಲ್ಯಾನ್ಸರ್ಸ್' ಎಂಬ ಅಶ್ವದಳವು ಕುದುರೆಗಳೊಡನೆ ಹಡಗೇರಿ ಈಜಿಪ್ಟಿಗೆ ತೆರಳಿತು. ಅಲ್ಲಿ ಹೈದರಾಬಾದು ಮೊದಲಾದ ಸಂಸ್ಥಾನಗಳ ರಾವುತರೊಡನೆ ಅದು ಒಂದೇ ಬ್ರಿಗೇಡಿನಲ್ಲಿ ಸೇರಿತು.

ಮೊದಲಿನ ಕೆಲಸ ಸೂಯೆಜ್ ಕಾಲುವೆಯ ಕಾವಲು. ಇಂಗ್ಲೆಂಡನ್ನೂ ಭಾರತವನ್ನೂ ಬೆಸೆಯುವ ಜಲಮಾರ್ಗವದು. ಅದನ್ನು ಕತ್ತರಿಸಲು 1915ರ ಫೆಬ್ರವರಿಯಲ್ಲಿ ತುರ್ಕಿಯ ಸೈನ್ಯವು ಮಾಡಿದ ಯತ್ನ ವಿಫಲವಾಯಿತು. ಬಳಿಕ ಮರಳುಗಾಡಿನ ಬಿಸಿಲು, ನೀರಿನ ಬರ, ಮುಗಿಯದ ಪಹರೆ. 1917ರ ಡಿಸೆಂಬರಿನಲ್ಲಿ ಜೆರುಸಲೇಮು ಬ್ರಿಟಿಷರ ಕೈಸೇರಿದರೂ ಯುದ್ಧದ ನಿರ್ಣಯವಾಗಲಿಲ್ಲ.

1918ರ ವಸಂತದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಜರ್ಮನರು ತಮ್ಮ ಸರ್ವಶಕ್ತಿಯನ್ನೂ ಸುರಿದು ಮುನ್ನುಗ್ಗಿದರು. ಅದನ್ನು ತಡೆಯುವುದಕ್ಕೆ ಪ್ಯಾಲಸ್ತೀನಿನಲ್ಲಿದ್ದ ಬ್ರಿಟಿಷ್ ಸೈನಿಕರನ್ನು ದೊಡ್ಡ ಸಂಖ್ಯೆಯಲ್ಲಿ ಫ್ರಾನ್ಸಿಗೆ ಕರೆಸಿಕೊಳ್ಳಬೇಕಾಯಿತು. ಅವರು ತೆರವು ಮಾಡಿದ ಸ್ಥಾನಗಳಿಗೆ ಭಾರತೀಯರು ಬಂದರು. ಆದುದರಿಂದ ಸೇನಾನಿ ಆಲನ್‌ಬಿ ಕೊನೆಯ ಪೆಟ್ಟಿಗೆ ಅಣಿಯಾದಾಗ, ಆ ಪೆಟ್ಟಿನ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಭಾರತದ ಹೆಗಲು.

ಬಂದರು ಏಕೆ ಬೇಕಾಯಿತು?

ಸೆಪ್ಟೆಂಬರ್ 19ರ ನಸುಕಿನಲ್ಲಿ ಫಿರಂಗಿಗಳು ಮೊಳಗಿದುವು. ಕಾಲಾಳುಗಳು ಸಮುದ್ರತೀರದ ಬಯಲಿನಲ್ಲಿ ತುರ್ಕಿಯ ಸಾಲನ್ನು ಒಡೆದರು. ಒಡೆದ ಬಾಗಿಲಿನಿಂದ ಅಶ್ವಸೇನೆ ಒಳನುಗ್ಗಿ, ಮರುದಿನವೇ ನಜರೇತನ್ನು ಮುಟ್ಟಿತು. ಅಲ್ಲಿದ್ದ ಜರ್ಮನ್ ಸೇನಾಪತಿ ಲಿಮಾನ್ ಫಾನ್ ಸಾಂಡರ್ಸ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡ.

ಆದರೆ ಕುದುರೆ ಎಷ್ಟು ವೇಗವಾಗಿ ಓಡಿದರೇನು, ಅದಕ್ಕೆ ಹುರುಳಿ ಬೇಡವೇ? ಅನ್ನ, ಮೇವು, ಮದ್ದುಗುಂಡುಗಳು ಬಹುದೂರ ಹಿಂದೆ ಉಳಿದಿದ್ದುವು. ಮುಂದೆ ದಮಾಸ್ಕಸ್ಸಿಗೆ ಹೋಗಬೇಕಾದರೆ ಹಡಗು ನಿಲ್ಲುವ ಬಂದರೊಂದು ಕೈಯಲ್ಲಿರಬೇಕು. ಅಂಥ ಬಂದರು ಹೈಫಾ. ಶತ್ರುಗಳು ಊರು ಬಿಟ್ಟಿರುವರೆಂಬ ಸುದ್ದಿಯನ್ನು ನಂಬಿ 22ರಂದು ಕವಚದ ಕಾರುಗಳಲ್ಲಿ ಹೋದ ತುಕಡಿಯೊಂದು ಫಿರಂಗಿಯ ಬೆಂಕಿಗೆ ಸಿಕ್ಕಿ ಹಿಂದಿರುಗಬೇಕಾಯಿತು. ಮರುದಿನದ ಕೆಲಸ ರಾವುತರ ಪಾಲಿಗೆ ಬಂದಿತು.

ಬೆಟ್ಟ, ಹೊಳೆ, ಹುದುಲು

ಊರಿನ ದಾರಿಯ ಎಡಕ್ಕೆ ಕಡಿದಾದ ಕಾರ್ಮೆಲ್ ಬೆಟ್ಟ, ಬಲಕ್ಕೆ ಕೀಶೋನ್ ಹೊಳೆ. ಹೊಳೆಯ ದಡವೆಲ್ಲ ಕಾಲಿಟ್ಟರೆ ಹೂತುಹೋಗುವ ಹುದುಲು. ಬೆಟ್ಟದ ಮೇಲೆ ಫಿರಂಗಿಗಳು, ತಪ್ಪಲಿನಲ್ಲಿ ಯಂತ್ರಬಂದೂಕುಗಳು. ಎದುರಿಸಲು ಬಂದವರ ಕೈಯಲ್ಲಿದ್ದುದು ಭರ್ಜಿ.

ಹಗಲು ಹತ್ತು ಗಂಟೆಯ ಸುಮಾರಿಗೆ ಬೆಟ್ಟದಿಂದ ಗುಂಡುಗಳು ಬೀಳತೊಡಗಿದುವು. ಮೈಸೂರಿನ ಒಂದು ತುಕಡಿಗೆ ಬೆಟ್ಟವನ್ನೇರಿ ಫಿರಂಗಿಗಳನ್ನು ಹಿಡಿಯುವಂತೆ ಆಜ್ಞೆಯಾಯಿತು. ಆಡುಗಳು ತುಳಿದ ಕಲ್ಲುಹಾದಿಯೇ ಅವರ ರಾಜಮಾರ್ಗ. ಮೇಲೇರುವಷ್ಟರಲ್ಲಿ ಕುದುರೆಗಳು ಬಸವಳಿದುವು. ಕೊನೆಗೆ ಫಿರಂಗಿಯ ಮೇಲೆ ಏರಿಹೋಗುವಾಗ ಜೀನಿನ ಮೇಲೆ ಉಳಿದಿದ್ದವರು ಬೆರಳೆಣಿಕೆಯ ರಾವುತರು. ಆದರೂ ಏರಿಹೋದರು, ಬೆಟ್ಟದ ಫಿರಂಗಿಗಳು ಮೌನವಾದುವು.

ಅತ್ತ ಮಧ್ಯಾಹ್ನ ಎರಡು ಗಂಟೆಗೆ ಜೋಧಪುರದ ರಾವುತರು ಬಯಲಿನಲ್ಲಿ ಮುನ್ನುಗ್ಗಿದರು. ಹೊಳೆಯ ಹುದುಲು ದಾರಿ ಕೊಡದಿರಲು, ಗುಂಡಿನ ನಡುವೆಯೇ ಎಡಕ್ಕೆ ತಿರುಗಿ ಬೆಟ್ಟದ ತಪ್ಪಲಿನ ಯಂತ್ರಬಂದೂಕುಗಳ ಮೇಲೆ ಬಿದ್ದರು. ಅವರ ನಾಯಕ ಮೇಜರ್ ದಳಪತ್ ಸಿಂಗ್ ಅಲ್ಲಿಯೇ ವೀರಸ್ವರ್ಗವನ್ನೈದಿದ. ಮೈಸೂರಿನ ಉಳಿದ ತುಕಡಿಗಳೂ ಕೂಡಿಕೊಂಡು ಊರನ್ನು ಹೊಕ್ಕುವು. ಸಂಜೆಯಾಗುವ ಮೊದಲೇ ಹೈಫಾ ಕೈವಶವಾಗಿತ್ತು.

ಸೆರೆಸಿಕ್ಕವರು 1,350 ಮಂದಿ; ವಶವಾದ ಫಿರಂಗಿಗಳು 17. ಬ್ರಿಗೇಡಿನ ಕಡೆ ಮಡಿದವರು 8, ಗಾಯಗೊಂಡವರು 34. ಆದರೆ ಸತ್ತ ಕುದುರೆಗಳು 60! ಸವಾರನಿಗೆ ಬರಬೇಕಾದ ಸಾವನ್ನು ಆ ಮೂಕಪ್ರಾಣಿಗಳು ಎದೆಯೊಡ್ಡಿ ತಡೆದುವೆನ್ನಬೇಕು.

ಯಾರ ಜಯ?

ಬಳಿಕ ಘಟನೆಗಳು ಓಡಿದುವು. ಅಕ್ಟೋಬರ್ 1ರಂದು ದಮಾಸ್ಕಸ್ ಬಿದ್ದಿತು. 26ರಂದು ಅಲೆಪ್ಪೋ ಬಳಿಯ ಹರಿತಾನಿನಲ್ಲಿ ಮೈಸೂರು, ಜೋಧಪುರಗಳ ರಾವುತರು ಮತ್ತೊಮ್ಮೆ ಏರಿಹೋದರು. 30ರಂದು ತುರ್ಕಿಯು ಕದನವಿರಾಮಕ್ಕೆ ಒಪ್ಪಿತು. ನವೆಂಬರ್ 11ರಂದು ಜರ್ಮನಿಯೂ ಶಸ್ತ್ರ ಕೆಳಗಿಟ್ಟಿತು.

ಗೆದ್ದವರ ಪಂಕ್ತಿಯಲ್ಲಿ ಭಾರತಕ್ಕೆ ದೊರೆತುದೇನು? ಸ್ವರಾಜ್ಯದ ನಿರೀಕ್ಷೆಯಲ್ಲಿದ್ದ ದೇಶಕ್ಕೆ 1919ರ ಏಪ್ರಿಲಿನಲ್ಲಿ ದೊರೆತುದು ಜಲಿಯನ್‌ವಾಲಾ ಬಾಗ್. ಪರರ ಧ್ವಜದ ಕೆಳಗೆ, ಪರರ ನೆಲದಲ್ಲಿ ಮಡಿದವರನ್ನು ಸ್ವತಂತ್ರ ಭಾರತವು ಹೇಗೆ ನೆನೆಯಬೇಕೆಂಬ ಪ್ರಶ್ನೆ ಬಹುಕಾಲ ಕಾಡಿದುದು ಸಹಜವೇ. ಯುದ್ಧವು ಸಾಮ್ರಾಜ್ಯದ್ದು, ನಿಜ. ಆದರೆ ಆಡುಹಾದಿಯಲ್ಲಿ ಸುರಿದ ಬೆವರು, ನೆತ್ತರು ಆ ರಾವುತರವೇ.

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂವರು ಯೋಧರ ಪ್ರತಿಮೆಗಳು ಹೈದರಾಬಾದು, ಜೋಧಪುರ, ಮೈಸೂರುಗಳ ರಾವುತರ ಸ್ಮಾರಕ. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜಯಮಹಲ್ ಪ್ರದೇಶದಲ್ಲಿಯೂ ಮೈಸೂರು ಲ್ಯಾನ್ಸರ್ಸಿನ ಸ್ಮಾರಕವೊಂದಿದೆ. ಅದರ ಪಕ್ಕದಲ್ಲಿಯೇ ವಾಹನಗಳು ದಿನವಿಡೀ ಹಾಯುತ್ತವೆ. ನಿಂತು ಓದುವವರು ವಿರಳ.

ಬಿಕರ್ನಕಟ್ಟೆಯ ಗುಡ್ಡದಲ್ಲಿ ಅಂಥ ಕಲ್ಲೇನೂ ಇಲ್ಲ. ಅಲ್ಲಿರುವುದು ಶಾಂತಿಯನ್ನು ಬೇಡಿ ಬಂದವರ ಮೇಣದ ಬತ್ತಿಗಳು. ಅದೇ ಹೆಸರಿನ ಇನ್ನೊಂದು ಬೆಟ್ಟವನ್ನು, ಮನೆಯಿಂದ ಬಹುದೂರದಲ್ಲಿ, ಕನ್ನಡ ಸೀಮೆಯಿಂದ ಹೋದ ಕೆಲವರು ಹತ್ತಿದ್ದರೆಂಬುದನ್ನು ಬಲ್ಲವರು, ಅವರ ಹೆಸರಿನಲ್ಲಿಯೂ ಒಂದು ಬತ್ತಿ ಹಚ್ಚಿದರೆ ತಪ್ಪೇನು?